ನಮ್ಮ ಕಾರು, ಗೇಟಿನ ಹಂಪು ಮತ್ತು ದಾದಿಮಾ

ನಮ್ಮ ಕಾಲೇಜಿನ ಗೇಟಿನ ಮುಂದಿನ ಹಂಪು ಎಲ್ಲರಿಗೂ ಗೊತ್ತು. ಕಳೆದ ವರ್ಷ ಬೆಳಿಗ್ಗೆ ಆ ಹಂಪಿನ ಮೇಲೆ 'ಕರ್ರ್' ಎಂದು ಏನೋ ಉಜ್ಜಿದ ಸದ್ದು ಕೇಳಿದರೆ ನಾನು ಬಂದೆ ಎಂದು ಅರ್ಥ. ನಮ್ಮ ತರಗತಿಯವರು ಅದನ್ನು ಮೊದಲ ಬೆಲ್ ಎನ್ನುತ್ತಿದ್ದರು. ವಾಚ್‌ಮನ್ ಅಂಕಲ್ ಬಗ್ಗಿ ಕಾರಿನ ಅಡಿ ನೋಡಿ, "ಏನಾದ್ರೂ ಉದುರಿತೇನಮ್ಮಾ?" ಎಂದು ಕೇಳುತ್ತಿದ್ದರು. ನಾನು ನಗುತ್ತಿದ್ದೆ. ನಿಜ ಹೇಳಬೇಕೆಂದರೆ ನನಗೆ ಆ ಸದ್ದಿನ ಬಗ್ಗೆ ಸ್ವಲ್ಪ ಹೆಮ್ಮೆಯೇ ಇತ್ತು.

ಈ ವರ್ಷ ಆ ಸದ್ದು ಯಾಕೆ ನಿಂತಿತು ಎಂದು ಹಲವರು ಕೇಳಿದ್ದಾರೆ. ಕನ್ನಡ ಮೇಡಂ "ಅದನ್ನೇ ಬರಿ" ಅಂದರು. ಬರೆಯುತ್ತಿದ್ದೇನೆ.

ನಮ್ಮದು 2014ರ ಮಾಡೆಲ್ ಸ್ವಿಫ್ಟ್. ಸೆಕೆಂಡ್ ಹ್ಯಾಂಡ್. ಅರ್ಧ ದುಡ್ಡು ಅಬ್ಬಾ ಕೊಟ್ಟಿದ್ದು, ಅರ್ಧ ನನ್ನ ಭಾಯ್ ಕೊಟ್ಟಿದ್ದು. ಭಾಯ್ ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡುತ್ತಾನೆ. ಪ್ರತಿದಿನ ನನ್ನನ್ನು ಕಾಲೇಜಿಗೆ ಬಿಟ್ಟು ಅಲ್ಲಿಗೆ ಹೋಗುತ್ತಾನೆ. ಅದೇ ಕಾರಿನಲ್ಲಿ ಅಬ್ಬಾ ಗಾಂಧಿ ಬಜಾರಿನಿಂದ ಅಂಗಡಿಗೆ ಸಾಮಾನು ತರುತ್ತಾರೆ, ಅಮ್ಮಿ ಮದುವೆಗಳಿಗೆ ಹೋಗುತ್ತಾರೆ, ದಾದಿಮಾ ಆಸ್ಪತ್ರೆಗೆ ಹೋಗುತ್ತಾರೆ. ದಾದಿ ಎಂದರೆ ಕನ್ನಡದಲ್ಲಿ ನರ್ಸ್ ಎಂದು ನನಗೆ ಗೊತ್ತಾಗಿದ್ದು ಐದನೇ ತರಗತಿಯಲ್ಲಿ. ನಮ್ಮ ಮನೆಯಲ್ಲಿ ದಾದಿಮಾ ಎಂದರೆ ಅಜ್ಜಿ, ಅಬ್ಬಾರ ತಾಯಿ.

ಭಾಯ್‌ಗೆ ಕಾರುಗಳ ಹುಚ್ಚು. ಅದೂ ನೆಲಕ್ಕೆ ಅಂಟಿಕೊಂಡಂತೆ ಓಡುವ ಕಾರುಗಳ ಹುಚ್ಚು. ಎರಡು ವರ್ಷ ಸಂಬಳದಲ್ಲಿ ಉಳಿಸಿ, ಕಳೆದ ವರ್ಷ ಮೇ ತಿಂಗಳಲ್ಲಿ ಒಬ್ಬರಿಂದ ಬಳಸಿದ ಕಾಯಿಲೋವರ್ ಕಿಟ್ ತಂದ. ಹಳೆ ಬೆಡ್‌ಶೀಟಿನಲ್ಲಿ ಸುತ್ತಿದ್ದ ನಾಲ್ಕು ಶಾಕ್‌ಗಳನ್ನು ಹಾಲ್‌ನಲ್ಲಿ ಬಿಚ್ಚಿದಾಗ ಈದ್‌ನ ಹೊಸ ಬಟ್ಟೆ ಬಿಚ್ಚಿದ ಹಾಗಿತ್ತು. ಅಮ್ಮಿ ಮಾತ್ರ, "ಇಷ್ಟು ದುಡ್ಡಿಗೆ ಫ್ರಿಜ್ ಬರ್ತಿತ್ತು" ಅಂದರು.

ಕಾಯಿಲೋವರ್ ಎಂದರೆ ಏನು ಎಂದು ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಶಾಕ್ ಅಬ್ಸಾರ್ಬರಿನ ಸುತ್ತ ಸ್ಪ್ರಿಂಗ್ ಕೂತಿದ್ದರೆ ಅದು ಕಾಯಿಲೋವರ್. ಹಾಗೆ ನೋಡಿದರೆ ನಮ್ಮ ಕಾರಿನ ಮುಂದಿನ ಎರಡು ಚಕ್ರಗಳಿಗೆ ಕಂಪನಿಯಿಂದ ಬಂದಿದ್ದೂ ಹಾಗೆಯೇ ಇತ್ತು. ಹೊರಗಿನಿಂದ ತಂದು ಹಾಕುವ ಕಿಟ್‌ನ ವ್ಯತ್ಯಾಸ ಏನೆಂದರೆ, ಅದರ ಮೈಮೇಲೆ ಬೋಲ್ಟಿಗೆ ಇರುವಂತೆ ಮರೆ ಇರುತ್ತದೆ. ಮರೆಯ ಮೇಲೆ ರಿಂಗುಗಳಿರುತ್ತವೆ. ಕೊಕ್ಕೆಯಂಥ ಸ್ಪ್ಯಾನರ್ ಹಾಕಿ ರಿಂಗು ಸಡಿಲಿಸಿ ತಿರುಗಿಸಿದರೆ ಕಾರು ಕೆಳಗೆ ಇಳಿಯುತ್ತದೆ ಅಥವಾ ಮೇಲೆ ಏರುತ್ತದೆ. ಹಿಂದಿನ ಚಕ್ರಗಳಿಗೆ ಸ್ಪ್ರಿಂಗ್ ಬೇರೆ, ಶಾಕ್ ಬೇರೆ. ಅಲ್ಲಿ ಸ್ಪ್ರಿಂಗಿನ ಕೆಳಗೆ ಎತ್ತರ ಬದಲಿಸುವ ತಿರುಪು ಇರುತ್ತದೆ. ಆದರೂ ನಾಲ್ಕಕ್ಕೂ ಸೇರಿಸಿ ಎಲ್ಲರೂ ಕಾಯಿಲೋವರ್ ಎಂದೇ ಕರೆಯುತ್ತಾರೆ.

ಇನ್ನೊಂದು, ಪ್ರತಿ ಶಾಕ್‌ಗೂ ಒಂದು ಪುಟ್ಟ ಗುಂಡಿ ಇರುತ್ತದೆ, ರೇಡಿಯೋ ಗುಂಡಿಯ ಹಾಗೆ. ತಿರುಗಿಸಿದರೆ 'ಟಿಕ್ ಟಿಕ್' ಎನ್ನುತ್ತದೆ. ನಮ್ಮ ಕಿಟ್‌ನಲ್ಲಿ 24 ಕ್ಲಿಕ್. ಒಂದು ಕಡೆ ತಿರುಗಿಸಿದರೆ ಶಾಕ್ ಬಿಗಿ, ಇನ್ನೊಂದು ಕಡೆ ತಿರುಗಿಸಿದರೆ ಸಡಿಲ. ಪೂರ್ತಿ ಬಿಗಿ ಮಾಡಿ ಅಲ್ಲಿಂದ ಹಿಂದಕ್ಕೆ ಎಣಿಸುವುದು ಪದ್ಧತಿ.

ಕಂಪನಿ ಹೇಳುವ ಪ್ರಕಾರ ನಮ್ಮ ಕಾರಿನ ಗ್ರೌಂಡ್ ಕ್ಲಿಯರೆನ್ಸ್ 170 ಮಿ.ಮೀ. ಭಾಯ್ 45 ಮಿ.ಮೀ. ಇಳಿಸಿದ. ಉಳಿದದ್ದು ಸುಮಾರು 125. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬ ಸಂಸ್ಥೆಯ ಮಾರ್ಗಸೂಚಿಯಲ್ಲಿ ಹಂಪು 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು, ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟುವಂತಿರಬೇಕು ಎಂದಿದೆ. ಅಂಥ ಹಂಪಾದರೆ ನಮ್ಮ ಕಾರೂ ನಿಧಾನಕ್ಕೆ ದಾಟುತ್ತಿತ್ತು. ಆದರೆ ನಮ್ಮ ಬೀದಿಗಳಲ್ಲಿ ಇರುವುದು ಯಾರೋ ರಾತ್ರೋರಾತ್ರಿ ಕಾಂಕ್ರೀಟು ಸುರಿದು ಮಾಡಿದ ಗುಡ್ಡಗಳು. ಜೊತೆಗೆ ಐದು ಜನ ಕೂತರೆ ಕಾರು ಇನ್ನಷ್ಟು ತಗ್ಗುತ್ತದೆ. ಆಗ 'ಕರ್ರ್'.

ಹೊಸದರಲ್ಲಿ ಎಲ್ಲವೂ ಚೆಂದ. ಬಿ.ಎಚ್. ರಸ್ತೆಯಲ್ಲಿ ತಿರುವು ತೆಗೆದುಕೊಂಡರೆ ಕಾರು ವಾಲುತ್ತಿರಲಿಲ್ಲ. ನಾನು ಮುಂದಿನ ಸೀಟಿನಲ್ಲಿ ಕೂತು ವಿಡಿಯೋ ಮಾಡುತ್ತಿದ್ದೆ. ಹಂಪು ಬಂದರೆ ನನ್ನ ಕೆಲಸ ತಲೆ ಹೊರಗೆ ಹಾಕಿ ನೋಡುವುದು. ನೇರ ಹೋಗದೆ ಓರೆಯಾಗಿ ಹತ್ತಿಸಬೇಕು, ಒಂದೊಂದೇ ಚಕ್ರ ಏರಿ ಇಳಿಯಬೇಕು. ಹಿಂದಿನವರು ಹಾರನ್ ಹೊಡೆಯುತ್ತಿದ್ದರು. ಯಾವ ಬೀದಿಯಲ್ಲಿ ಎಷ್ಟು ಹಂಪು, ಯಾವ ಗುಂಡಿ ಆಳ ಎಂದು ನನಗೂ ಭಾಯ್‌ಗೂ ಬಾಯಿಪಾಠ ಆಯಿತು.

ಮಳೆಗಾಲ ಬಂದ ಮೇಲೆ ನಿಜವಾದ ಸಂಸಾರ ಶುರುವಾಯಿತು. ಶಿವಮೊಗ್ಗದ ಮಳೆ ಗೊತ್ತಲ್ಲ. ಕೆಸರು ಮರೆಯೊಳಗೆ ಹೊಕ್ಕು ಒಣಗಿದರೆ ರಿಂಗು ಕಚ್ಚಿಕೊಂಡು ಬಿಡುತ್ತದೆ, ಆಮೇಲೆ ಸುತ್ತಿಗೆ ಹೊಡೆದರೂ ಅಲುಗದು. ಅದಕ್ಕೆ ಪ್ರತಿ ಭಾನುವಾರ ಫಜ್ರ್ ನಮಾಜಿನ ನಂತರ ಭಾಯ್ ಕಾರಿನ ಪಕ್ಕ ಗೋಣಿಚೀಲ ಹಾಸಿ ಕೂರುತ್ತಿದ್ದ. ಹಳೆ ಹಲ್ಲುಜ್ಜುವ ಬ್ರಷ್‌ನಿಂದ ಮರೆ ಉಜ್ಜಿ, ನೀರು ಹೊಡೆದು, ಒಣಗಿಸಿ, ಸ್ಪ್ರೇ ಹೊಡೆಯಬೇಕು. ಗ್ರೀಸ್ ಹಚ್ಚಿದರೆ ಧೂಳು ಇನ್ನೂ ಹಿಡಿಯುತ್ತದೆ ಎಂದು ಒಮ್ಮೆ ಹಚ್ಚಿದ ಮೇಲೆ ಗೊತ್ತಾಯಿತು. ನಾನು ಟಾರ್ಚ್ ಹಿಡಿಯುತ್ತಿದ್ದೆ.

ಲೆಕ್ಕ ಬರೆಯುವುದೂ ನನ್ನ ಕೆಲಸ. ಪ್ರಥಮ ಪಿಯುಸಿಯಲ್ಲಿ ಬಂಡವಾಳ ವೆಚ್ಚ, ಕಂದಾಯ ವೆಚ್ಚ ಓದುತ್ತಿದ್ದೆವು. ಉದಾಹರಣೆಗೆ ನಮ್ಮ ಕಾರೇ ಸಿಕ್ಕಿತು. ಕಿಟ್ 42,000, ಹಾಕಿದ ಕೂಲಿ 4,500, ಮೊದಲ ಸಲದ ವೀಲ್ ಅಲೈನ್‌ಮೆಂಟ್ 700. ಆಸ್ತಿಯನ್ನು ಬಳಕೆಗೆ ತರುವವರೆಗಿನ ಖರ್ಚು ಬಂಡವಾಳ ವೆಚ್ಚ. ಒಟ್ಟು 47,200.

ಆಮೇಲೆ ಬಂದದ್ದು ಕಂದಾಯ ವೆಚ್ಚ. ಕಾರು ಇಳಿಸಿದರೆ ಚಕ್ರಗಳ ಕೋನ ಬದಲಾಗುತ್ತದೆ. ಮೊದಲ ದಿನ ಅಲೈನ್‌ಮೆಂಟ್ ಮಾಡಿಸಿದರೂ ಸ್ಪ್ರಿಂಗ್ ಕೂತ ಮೇಲೆ ಇನ್ನೊಮ್ಮೆ ನೋಡಿಸಬೇಕಿತ್ತು. ಭಾಯ್ "ಮುಂದಿನ ವಾರ" ಎನ್ನುತ್ತಾ ತಿಂಗಳುಗಳನ್ನು ಕಳೆದ. ಮುಂದಿನ ಟೈರುಗಳು ಹೊರಗಿನಿಂದ ಹೊಸದರಂತೆ ಕಾಣುತ್ತಿದ್ದವು. ಪಂಕ್ಚರ್ ಹಾಕಿಸಲು ಬಿಚ್ಚಿದಾಗ ಒಳಗಿನ ಅಂಚು ಬೋಳಾಗಿ ತಂತಿ ಕಾಣುತ್ತಿತ್ತು. ಪಂಕ್ಚರ್ ಅಂಗಡಿಯವರು, "ಇದರಲ್ಲಿ ಹೈವೇಗೆ ಹೋಗಿದ್ರಾ? ಪುಣ್ಯ ಮಾಡಿದೀರ" ಅಂದರು. ಎರಡು ಟೈರಿಗೆ 9,200. ಮತ್ತೆ ಅಲೈನ್‌ಮೆಂಟ್ 700. ಬಂಪರ್ ರಿಪೇರಿ, ಪೇಂಟ್ 3,400. ಗುಂಡಿಯಲ್ಲಿ 'ಟಕ್ ಟಕ್' ಎನ್ನತೊಡಗಿದ ಲಿಂಕ್ ರಾಡ್ ಜೋಡಿಗೆ 1,800.

ಇನ್ನೊಂದು ವಿಷಯ ವ್ಯವಹಾರ ಅಧ್ಯಯನದ ತರಗತಿಯಲ್ಲಿ ಹೊಳೆಯಿತು. ವಿಮೆಯ ತತ್ವಗಳನ್ನು ಪಾಠ ಮಾಡುವಾಗ ಸರ್, ವಿಮೆ ಮಾಡಿಸುವವರು ಏನನ್ನೂ ಮುಚ್ಚಿಡಬಾರದು ಎಂದರು. ಮನೆಗೆ ಬಂದು ಭಾಯ್‌ಗೆ ಕೇಳಿದೆ: "ಕಿಟ್ ಹಾಕಿದ್ದು ವಿಮೆಯವರಿಗೆ ಹೇಳಿದ್ದೀಯಾ?" ಹೇಳಿರಲಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ನೋಂದಣಿ ಪತ್ರದಲ್ಲಿರುವ ಕಂಪನಿಯ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಬದಲಿಸಬಾರದು ಎನ್ನುತ್ತದೆ. ನಾಳೆ ಏನಾದರೂ ಆದರೆ ವಿಮೆಯವರು ಮೊದಲು ಕೇಳುವುದು ಇದನ್ನೇ. ಭಾಯ್ ಸಿಟ್ಟಾದ. "ನೀನು ಓದು, ಕಾರಿನ ಚಿಂತೆ ನನಗೆ ಬಿಡು" ಅಂದ. ಆದರೆ ಮುಂದಿನ ತಿಂಗಳು ವಿಮೆ ನವೀಕರಿಸುವಾಗ ಅವನೇ ಪತ್ರ ಬರೆದು ತಿಳಿಸಿದ.

ಇಷ್ಟೆಲ್ಲ ಲೆಕ್ಕ ಬರೆದವಳಿಗೆ ಒಂದು ಮಾತ್ರ ಕಾಣಲಿಲ್ಲ.

ದಾದಿಮಾಗೆ ಎಪ್ಪತ್ತೆರಡು ವರ್ಷ. ಬೆನ್ನುಮೂಳೆ ಸವೆದಿದೆ, ಬಿಸಿನೀರಿನ ಚೀಲ ಇಲ್ಲದೆ ನಿದ್ದೆ ಬರುವುದಿಲ್ಲ. ಅವರ ತಂಗಿ ಭದ್ರಾವತಿಯಲ್ಲಿದ್ದಾರೆ. ನಮ್ಮ ಮನೆಯಿಂದ ಇಪ್ಪತ್ತು ಕಿಲೋಮೀಟರ್ ಅಷ್ಟೆ. ಮೊದಲೆಲ್ಲ ತಿಂಗಳಿಗೊಮ್ಮೆ ದಾದಿಮಾರನ್ನು ಕರೆದುಕೊಂಡು ಹೋಗುತ್ತಿದ್ದೆವು. ಅಕ್ಕತಂಗಿಯರು ಇಬ್ಬರೂ ಎಲೆಅಡಿಕೆ ಹಾಕಿಕೊಂಡು, ಸತ್ತವರ ಬದುಕಿದವರ ಸುದ್ದಿಯನ್ನೆಲ್ಲ ಮಾತಾಡಿ ಮುಗಿಸುವ ಹೊತ್ತಿಗೆ ಮಗ್ರಿಬ್ ಆಗುತ್ತಿತ್ತು.

ಕಿಟ್ ಹಾಕಿದ ಮೇಲೆ ಒಂದೇ ಸಲ ಹೋದರು. ಆಮೇಲೆ ಕರೆದಾಗಲೆಲ್ಲ, "ನಕ್ಕೋ ಬೇಟಾ, ತುಮೇ ಜಾವೋ" ಎನ್ನತೊಡಗಿದರು. ಬೇಡ ಮಗೂ, ನೀವು ಹೋಗಿ ಬನ್ನಿ. ಒಮ್ಮೆ ಮಂಡಿನೋವು, ಒಮ್ಮೆ ಬಿಸಿಲು, ಒಮ್ಮೆ ಮಳೆ, ಒಮ್ಮೆ ಮನೆ ನೋಡಿಕೊಳ್ಳಬೇಕು. ವಯಸ್ಸಾಯಿತು ಎಂದು ನಾವು ಅಂದುಕೊಂಡೆವು. ಬಕ್ರೀದ್ ದಿನವೂ ಬರಲಿಲ್ಲ. ನಾವು ಅವರ ತಂಗಿಗೆ ಮಾಂಸದ ಡಬ್ಬಿ ಕೊಟ್ಟು, ಫೋಟೋ ತೆಗೆದುಕೊಂಡು ಬಂದೆವು.

ಈ ವರ್ಷ ಜನವರಿಯಲ್ಲಿ ಒಂದು ದಿನ ದಾದಿಮಾ ನಮಾಜಿನಲ್ಲಿದ್ದರು, ಅವರ ಫೋನ್ ಬಾರಿಸಿತು. ನಾನು ಎತ್ತಿದೆ. ಭದ್ರಾವತಿಯ ಚಿಕ್ಕಜ್ಜಿ. ನನ್ನ ದನಿಯನ್ನು ಅಮ್ಮಿಯದು ಅಂದುಕೊಂಡರೋ ಏನೋ, ನೇರ ಮಾತಿಗಿಳಿದರು. "ಆಪಾಗೆ ಒಂದು ಆಟೋ ಮಾಡಿಕೊಟ್ಟಾದರೂ ಕಳಿಸು. ನಿಮ್ಮ ಕಾರಿನಲ್ಲಿ ಕೂತರೆ ಎರಡು ದಿನ ಏಳಕ್ಕಾಗಲ್ಲ ಅಂತಾಳೆ. ಹುಡುಗನಿಗೆ ಹೇಳಬೇಡ ಅಂದಿದಾಳೆ, ಆಸೆಪಟ್ಟು ಮಾಡಿಸಿದಾನೆ, ಬೇಜಾರು ಮಾಡ್ಕೋತಾನೆ ಅಂತ."

ನಾನು "ಹ್ಞೂ" ಎಂದು ಫೋನ್ ಇಟ್ಟೆ. ದಾದಿಮಾ ಸಲಾಂ ತಿರುಗಿಸಿ "ಯಾರ ಫೋನು?" ಎಂದು ಕೇಳಿದರು. ರಾಂಗ್ ನಂಬರ್ ಅಂದೆ. ನಾನು ದಾದಿಮಾಗೆ ಸುಳ್ಳು ಹೇಳಿದ್ದು ಬಹಳ ಕಡಿಮೆ.

ಆ ರಾತ್ರಿ ಹಿಂದಿನದೆಲ್ಲ ನೆನಪಾಯಿತು. ಕೊನೆಯ ಸಲ ಭದ್ರಾವತಿಗೆ ಹೋದಾಗ ದಾದಿಮಾ ಹಿಂದಿನ ಸೀಟಿನಲ್ಲಿ ಮೇಲಿನ ಹಿಡಿಕೆಯನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದರು. ಪ್ರತಿ ಗುಂಡಿಗೂ "ಯಾ ಅಲ್ಲಾಹ್" ಎನ್ನುತ್ತಿದ್ದರು. ನಾನು ತಿರುಗಿ, "ರಸ್ತೆ ಸರಿ ಇಲ್ಲ ದಾದಿಮಾ" ಎಂದು ಹೇಳಿ ಮತ್ತೆ ವಿಡಿಯೋ ಮಾಡಿದ್ದೆ. ಇಳಿಯುವಾಗ ಸೀಟು ತಗ್ಗಾಗಿದ್ದರಿಂದ ಅವರಿಗೆ ಏಳಲು ಆಗಲಿಲ್ಲ. ನಾನೇ ಕೈ ಹಿಡಿದು ಎಬ್ಬಿಸಿದ್ದೆ. ಎಬ್ಬಿಸಿದವಳಿಗೂ ಗೊತ್ತಾಗಲಿಲ್ಲ.

ನನ್ನ ಲೆಕ್ಕದ ಪುಸ್ತಕ ತೆಗೆದು ನೋಡಿದೆ. ಬಂಪರ್ ಗೀರು ಬಿದ್ದಿದ್ದೂ ಇತ್ತು. ಆದರೆ ದಾದಿಮಾ ಎಂಟು ತಿಂಗಳಿಂದ ತಂಗಿಯ ಮುಖ ನೋಡಿಲ್ಲ ಎಂಬುದು ಎಲ್ಲೂ ಇರಲಿಲ್ಲ. ಲೆಕ್ಕಶಾಸ್ತ್ರದಲ್ಲಿ ಹಣ ಮಾಪನ ಪರಿಕಲ್ಪನೆ ಎಂದು ಒಂದು ಓದಿದ್ದೇವೆ. ಹಣದಲ್ಲಿ ಅಳೆಯಲು ಬರುವುದನ್ನು ಮಾತ್ರ ಪುಸ್ತಕದಲ್ಲಿ ಬರೆಯುತ್ತಾರೆ. ಅದು ಆ ಪದ್ಧತಿಯ ಮಿತಿ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೆ. ಮಿತಿ ಎಂದರೇನು ಎಂದು ಅರ್ಥವಾಗಿದ್ದು ಆ ರಾತ್ರಿ.

ಭಾಯ್‌ಗೆ ಹೇಳಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಹೇಳಿದರೆ ದಾದಿಮಾರ ಮಾತು ಮುರಿದ ಹಾಗೆ. ಹೇಳದಿದ್ದರೆ ಅವರು ಮನೆಯಲ್ಲೇ ಉಳಿಯುತ್ತಾರೆ. ಭಾನುವಾರ ಟಾರ್ಚ್ ಹಿಡಿದು ಕೂತಾಗ ಹೇಳಿಬಿಟ್ಟೆ. ಭಾಯ್ ಏನೂ ಮಾತಾಡಲಿಲ್ಲ. ಬ್ರಷ್ ಹಿಡಿದುಕೊಂಡೇ ಸ್ವಲ್ಪ ಹೊತ್ತು ಕೂತಿದ್ದ. ಆಮೇಲೆ, "ಹಳೇ ಶಾಕ್ ಎಲ್ಲಿ ಇಟ್ಟಿದೀವಿ?" ಎಂದು ಕೇಳಿದ.

ಅಟ್ಟದ ಮೇಲೆ ಗೋಣಿಚೀಲದಲ್ಲಿದ್ದವು. ಮೆಕ್ಯಾನಿಕ್ ಒಬ್ಬರಿಗೆ ತೋರಿಸಿದೆವು. ಎರಡು ಶಾಕ್‌ನಿಂದ ಎಣ್ಣೆ ಸೋರಿ ಹೋಗಿತ್ತು. ಅವರು ನಮ್ಮ ಕಾರಿನ ಅಡಿ ಇಣುಕಿ, "ಇದನ್ನ ತೆಗೆಯೋದಕ್ಕೆ ಮುಂಚೆ ಒಂದ್ಸಲ ಸರಿಯಾಗಿ ಸೆಟ್ ಮಾಡಿ ನೋಡ್ರಿ. ನೀವು ಸೆಟ್ ಮಾಡೇ ಇಲ್ಲ, ಬರೀ ಇಳಿಸಿದೀರ" ಎಂದರು.

ಅವರು ವಿವರಿಸಿದ್ದು ಹೀಗೆ. ಕಾರು ಇಳಿಸಿದಷ್ಟೂ ಚಕ್ರ ಮೇಲೆ ಬರಲು ಜಾಗ ಕಡಿಮೆಯಾಗುತ್ತದೆ. ಅಷ್ಟು ಕಡಿಮೆ ಜಾಗದಲ್ಲಿ ಹೊಡೆತ ತಡೆಯಬೇಕು ಎಂದೇ ಇಂಥ ಕಿಟ್‌ಗಳಲ್ಲಿ ಗಡುಸು ಸ್ಪ್ರಿಂಗ್ ಇರುತ್ತದೆ. ನಮ್ಮ ಮುಂದಿನ ಸ್ಪ್ರಿಂಗ್ ಒಂದು ಮಿ.ಮೀ. ತಗ್ಗಲು ಆರು ಕೆ.ಜಿ. ಭಾರ ಬೇಕು. ಕಂಪನಿಯದು ಅದಕ್ಕಿಂತ ಎಷ್ಟೋ ಮೆತ್ತಗೆ. ತುಂಬಾ ಇಳಿಸಿ, ಮೇಲೆ ಐದು ಜನ ಕೂತರೆ ಶಾಕ್ ಕೊನೆ ಮುಟ್ಟಿ ಒಳಗಿನ ರಬ್ಬರಿಗೆ ಬಡಿಯುತ್ತದೆ. ದಾದಿಮಾರ ಬೆನ್ನಿಗೆ ಬೀಳುತ್ತಿದ್ದ ಏಟು ಅದು. ಜೊತೆಗೆ ಭಾಯ್ ಗುಂಡಿಯನ್ನು ಪೂರ್ತಿ ಬಿಗಿಯಿಂದ ಬರೀ ನಾಲ್ಕು ಕ್ಲಿಕ್ ಬಿಟ್ಟಿದ್ದ. ಟೈರಿನ ಗಾಳಿಯನ್ನೂ ಬಾಗಿಲಿನ ಚೀಟಿಯಲ್ಲಿ ಬರೆದದ್ದಕ್ಕಿಂತ ಹೆಚ್ಚು ಹಾಕಿಸುತ್ತಿದ್ದ.

ಮುಂದಿನ ಭಾನುವಾರ ಇಡೀ ದಿನ ಕೆಲಸ. ಅಮ್ಮಿಯ ಹೊಲಿಗೆಯ ಟೇಪ್ ತಂದು ಚಕ್ರದ ನಡುವಿನಿಂದ ಮೇಲಿನ ಅಂಚಿನವರೆಗೆ ನಾಲ್ಕೂ ಕಡೆ ಅಳೆದೆವು. 30 ಮಿ.ಮೀ. ಮೇಲೆ ಎತ್ತಿದೆವು. ಬಿಗಿಯಾಗಿದ್ದ ಒಂದು ರಿಂಗು ಬಿಡಿಸಲು ಒಂದು ಗಂಟೆ ಹಿಡಿಯಿತು, ಭಾಯ್‌ನ ಬೆರಳು ಜಜ್ಜಿತು. ಗಾಳಿ ಚೀಟಿಯಲ್ಲಿ ಇದ್ದಷ್ಟೇ ಹಾಕಿಸಿದೆವು. ಮರುದಿನ ಅಲೈನ್‌ಮೆಂಟ್, ಇನ್ನೊಂದು 700. ಅಲ್ಲಿಗೆ ಒಟ್ಟು ಖರ್ಚು ಸರಿಯಾಗಿ 63,000.

ಕ್ಲಿಕ್‌ಗಳ ವಿಷಯ ಉಳಿದಿತ್ತು. ಭಾಯ್ ಸೀದಾ ದಾದಿಮಾರ ಕೋಣೆಗೆ ಹೋಗಿ, "ದಾದಿಮಾ, ಕಾರಿನಲ್ಲಿ ಒಂದು ರೌಂಡ್ ಬರ್ತೀರಾ? ನೀವು ಹೇಳಿದ ಹಾಗೆ ಸೆಟ್ ಮಾಡ್ತೀನಿ" ಅಂದ. ದಾದಿಮಾ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಅವರಿಗೆ ಎಲ್ಲ ಗೊತ್ತಾಯಿತು. ಬೈಯಲಿಲ್ಲ, ದುಪಟ್ಟಾ ಹುಡುಕಿದರು.

ಈ ಸಲ ಮುಂದಿನ ಸೀಟು ಅವರಿಗೆ. ಹಿಂದಿನ ಸೀಟು ಹಿಂದಿನ ಚಕ್ರದ ಮೇಲೇ ಇರುವುದರಿಂದ ಕುಲುಕು ಅಲ್ಲಿ ಹೆಚ್ಚು, ನಡುವೆ ಕಡಿಮೆ. ಇಷ್ಟು ಸುಲಭದ ವಿಷಯ ನಮಗೆ ಮೊದಲೇ ಹೊಳೆಯಬೇಕಿತ್ತು. ಮೊದಲು ಭಾಯ್ ಪೂರ್ತಿ ಸಡಿಲ ಮಾಡಿದ. ಹಂಪು ಮೆತ್ತಗೆ ದಾಟಿತು, ಆದರೆ ದಾಟಿದ ಮೇಲೆ ಕಾರು ಮೂರು ಸಲ ಜಿಗಿಯಿತು. ಗಡುಸು ಸ್ಪ್ರಿಂಗಿಗೆ ಸಡಿಲ ಶಾಕ್ ಇದ್ದರೆ ಸ್ಪ್ರಿಂಗಿನ ಕುಣಿತ ನಿಲ್ಲಿಸುವವರಿಲ್ಲ. "ಇದು ಕುದುರೆ" ಎಂದರು ದಾದಿಮಾ. ನಾಲ್ಕು ಕ್ಲಿಕ್ ಬಿಗಿ ಮಾಡಿದ. "ಇದು ಟಾಂಗಾ." ಇನ್ನೂ ಮೂರು. ಅದೇ ಬೀದಿ, ಅದೇ ಹಂಪು, ಆರು ಸಲ. ಪಕ್ಕದ ಮನೆಯವರು ಹೊರಗೆ ಬಂದು ನಿಂತು ನೋಡಿದರು. ಕೊನೆಗೆ ದಾದಿಮಾ, "ಹ್ಞಾ, ಈಗ ಕಾರು" ಎಂದರು. ಮುಂದೆ 15, ಹಿಂದೆ 17.

ಮುಂದಿನ ಭಾನುವಾರ ಭದ್ರಾವತಿಗೆ ಹೋದೆವು. ಹೊಸ ಕಾರಿನ ಸುಖ ಇತ್ತು ಎಂದರೆ ಸುಳ್ಳು. ಸ್ಪ್ರಿಂಗ್ ಅದೇ, ಗಡುಸು ಗಡುಸೇ. ದೊಡ್ಡ ಗುಂಡಿಗೆ ದಾದಿಮಾರ ಕೈ ಈಗಲೂ ಹಿಡಿಕೆಗೆ ಹೋಗುತ್ತದೆ. ಆದರೆ ಒಂದು ಕೈ ಮಾತ್ರ. ಮರುದಿನ ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಅವರು ಎದ್ದು ಚಹಾ ಕುಡಿಯುತ್ತಿದ್ದರು. ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಈಗ ಮತ್ತೆ ತಿಂಗಳಿಗೊಮ್ಮೆ ಹೋಗುತ್ತೇವೆ.

ಕಾರು ಈಗಲೂ ಕಂಪನಿಯ ಎತ್ತರಕ್ಕಿಂತ 15 ಮಿ.ಮೀ. ತಗ್ಗು. ಭಾಯ್‌ಗೆ ಅಷ್ಟು ಸಾಕಂತೆ. ಫೋಟೋದಲ್ಲಿ ಮೊದಲಿನಷ್ಟು ಚೆಂದ ಕಾಣುವುದಿಲ್ಲ, ನಿಜ. ನಿಮ್ಮಲ್ಲಿ ಯಾರಾದರೂ ಅಣ್ಣನ ಜೊತೆ ಕಾರು ಇಳಿಸುವ ಯೋಚನೆಯಲ್ಲಿದ್ದರೆ ನಾನು ಬೇಡ ಎನ್ನುವುದಿಲ್ಲ. ಅಲೈನ್‌ಮೆಂಟ್ ಮುಂದೂಡಬೇಡಿ, ಟೈರಿನ ಒಳ ಅಂಚು ನೋಡುತ್ತಿರಿ, ವಿಮೆಯವರಿಗೆ ತಿಳಿಸಿ. ಮತ್ತು ಹಿಂದಿನ ಸೀಟಿನಲ್ಲಿ ಕೂರುವವರನ್ನು ಕೇಳಿ. ಅವರಾಗಿ ಹೇಳುವುದಿಲ್ಲ, ನೀವು ಆಸೆಪಟ್ಟಿದ್ದೀರಿ ಎಂದು ಸುಮ್ಮನಿರುತ್ತಾರೆ.

ಲೆಕ್ಕದ ಪುಸ್ತಕದಲ್ಲಿ 63,000ದ ಕೆಳಗೆ ಒಂದು ಸಾಲು ಸೇರಿಸಿದ್ದೇನೆ: "ಮುಂದೆ 15, ಹಿಂದೆ 17. ದಾದಿಮಾ ಒಪ್ಪಿದ್ದು." ಮೊತ್ತದ ಕಾಲಂ ಖಾಲಿ ಬಿಟ್ಟಿದ್ದೇನೆ. ಲೆಕ್ಕಶಾಸ್ತ್ರದ ಸರ್ ದಯವಿಟ್ಟು ಅಂಕ ಕಳೆಯಬಾರದು.

ಕಾಲೇಜು ಶುರುವಾದ ಮೊದಲ ದಿನ ಗೇಟಿನ ಹಂಪನ್ನು ನಾವು ಸದ್ದಿಲ್ಲದೆ ದಾಟಿದೆವು. ವಾಚ್‌ಮನ್ ಅಂಕಲ್ ಎಂದಿನಂತೆ ಬಗ್ಗಿ ನೋಡಿದರು, ಏನೂ ಕೇಳಿಸಲಿಲ್ಲ. ಎದ್ದು ನಿಂತು, "ಏನಮ್ಮಾ, ಹಳೇ ಕಾರು ಮಾರಿಬಿಟ್ರಾ?" ಎಂದು ಕೇಳಿದರು.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ